ಹತ್ತೊಂಬತ್ತನೆಯ ಸ್ಥಾನ

ಓಟದ ಪಂದ್ಯವೆಂದೊಡನೆ ನಾವೆಲ್ಲ ಕೇಳುವುದು, ಮೊದಲು ಬಂದವರು ಯಾರು ಎಂದು. ಹತ್ತೊಂಬತ್ತನೆಯವರು ಯಾರೆಂದು ಯಾರೂ ಕೇಳುವುದಿಲ್ಲ. ಆದರೆ ಕನ್ನಡಿಗರಾದ ನಾವು ನೆನಪಿಡಬೇಕಾದ ಹತ್ತೊಂಬತ್ತನೆಯ ಸ್ಥಾನವೊಂದಿದೆ. ಅದು ಬೆಳಗಾವಿಯ ಫಡೆಪ್ಪ ಚೌಗುಲೆಯವರದು.

ಒಂದನೆಯ ಮಹಾಯುದ್ಧ ಆಗತಾನೆ ಮುಗಿದಿತ್ತು. ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೋರಾಬ್ಜಿ ಟಾಟಾ ಅವರು, ಅಲ್ಲಿಯ ಕ್ರೀಡಾಕೂಟದಲ್ಲಿ ರೈತಾಪಿ ಮನೆಗಳ ಹುಡುಗರು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ಕಂಡು ಬೆರಗಾದರು. ಇಂಥವರನ್ನು ಒಲಿಂಪಿಕ್ ಪಂದ್ಯಗಳಿಗೇಕೆ ಕಳಿಸಬಾರದೆಂದು ಯೋಚಿಸಿ, ತಮ್ಮ ಕೈಯಿಂದಲೂ ಹಣ ಕೊಟ್ಟರು. ಹೀಗೆ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರಕ್ಕೆ ಹೋದ ಭಾರತದ ಪುಟ್ಟ ತಂಡದಲ್ಲಿ ಚೌಗುಲೆಯವರೂ ಇದ್ದರು.

ಮ್ಯಾರಥಾನ್ ಓಟ ನಡೆದದ್ದು ಆಗಸ್ಟ್ 22ರಂದು. ಈಗ ಆ ಓಟದ ದೂರ 42.195 ಕಿಲೋಮೀಟರ್, ಅಂದು 42.75. ಒಲಿಂಪಿಕ್ ಚರಿತ್ರೆಯಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಇನ್ನೊಂದಿಲ್ಲ. ನಾನಿರುವ ವೇಲಚೇರಿಯಿಂದ ಮಹಾಬಲಿಪುರಕ್ಕೆ ಹೆಚ್ಚುಕಡಿಮೆ ಅಷ್ಟು ದಾರಿ. ಬಸ್ಸಿನಲ್ಲಿ ಹೋದರೂ ನನಗೆ ಬೆನ್ನು ಹಿಡಿಯುತ್ತದೆ! ಫಿನ್ಲೆಂಡಿನ ಕೋಲೆಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರು. ನಮ್ಮ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಒಲಿಂಪಿಕ್ ಮ್ಯಾರಥಾನನ್ನು ಓಡಿ ಮುಗಿಸಿದ ಮೊದಲ ಭಾರತೀಯರು ಅವರೇ.

ಈ ಸಂಗತಿಯನ್ನು ಮನೆಯಲ್ಲಿ ಹೇಳುತ್ತಿದ್ದಾಗ ಒಂಬತ್ತು ವರ್ಷದ ಮಗಳು, “ಪದಕವೇ ಬರಲಿಲ್ಲವಲ್ಲಪ್ಪಾ, ಮತ್ತೇಕೆ ಅವರ ಹೆಸರು?” ಎಂದಳು. ಶಾಲೆಯ ಓಟದಲ್ಲಿ ಬಹುಮಾನ ಸಿಗಲಿಲ್ಲವೆಂದು ಓಡುವುದನ್ನೇ ಬಿಟ್ಟವಳು ಅವಳು. ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಒಳಗಿನಿಂದ ಅವಳ ತಾಯಿ, “ಯಾರಾದರೊಬ್ಬರು ಕೊನೆಯವರೆಗೂ ಓಡಿ ತೋರಿಸಿದರೆ ತಾನೆ, ಹಿಂದೆ ಬರುವವರಿಗೆ ಧೈರ್ಯ?” ಎಂದಳು.

ಹಿಂದೆ ಬಂದವರೂ ಉಂಟು. ಬಿಹಾರದ ಶಿವನಾಥ ಸಿಂಗ್ ಅವರು ಸೈನ್ಯದಲ್ಲಿದ್ದವರು, ಬರಿಗಾಲಿನ ಓಟಕ್ಕೆ ಹೆಸರಾದವರು. 1974ರ ಟೆಹರಾನ್ ಏಷ್ಯನ್ ಕ್ರೀಡೆಗಳಲ್ಲಿ 5,000 ಮೀಟರ್ ಓಟದ ಚಿನ್ನ ಗೆದ್ದರು. 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಅವರು ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಗಳಿಗೂ ಮೀರಿ ಅಳಿಯದೆ ನಿಂತಿತು. ಚೌಗುಲೆಯವರ ಕಾಲಕ್ಕಿಂತ ಮೂವತ್ತೆಂಟು ನಿಮಿಷ ಕಡಿಮೆ! ಅವರಿಗೂ ಒಲಿಂಪಿಕ್ ಪದಕ ಬರಲಿಲ್ಲ. ಆದರೆ ಅವರನ್ನು ಸೋತವರೆಂದು ಕರೆಯುವ ಎದೆ ಯಾರಿಗಿದೆ?

ಮಗಳು ಈಗ ಮತ್ತೆ ಓಡುತ್ತಾಳೆ. ಬಹುಮಾನದ ಮಾತು ಇನ್ನೂ ಇಲ್ಲ. ಮೊನ್ನೆ ಮಾತ್ರ, “ಇವತ್ತು ನಡುವೆ ನಿಲ್ಲಲಿಲ್ಲಪ್ಪಾ” ಎಂದು ಏದುಸಿರು ಬಿಡುತ್ತ ಬಂದಳು.

ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳ ಓಟ ಎಲ್ಲೇ ನಡೆಯಲಿ, ಮೊದಲಿನ ಮೂವರು ಬಂದೊಡನೆ ಕಾಫಿಯ ಕಡೆಗೆ ಹೊರಡಬೇಡಿ. ಕೊನೆಯ ಮಗು ಗೆರೆ ದಾಟುವವರೆಗೆ ನಿಂತು, ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ.