ಪ್ರತಿಮೆ ಇಲ್ಲದ ಕಡಲತಡಿ

ಘಟ್ಟದ ಮೇಲಿನವರಾದ ನಾವು ಕಳೆದ ಮಾರ್ಗಶಿರದಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳನ್ನು ನೋಡಿಬರಲು ಕುಂದಾಪುರದಿಂದ ಬಡಗಣಕ್ಕೆ ಹೊರಟೆವು. ದಾರಿಯಲ್ಲಿ ಮೊದಲು ಇಳಿದದ್ದು ಬೈಂದೂರಿನ ಕಡಲತಡಿಯಲ್ಲಿ. ನಾವು ನೋಡಹೋದುದು ಅಲ್ಲಿ ಇಲ್ಲದ ವಸ್ತುವನ್ನು. 2009ರಲ್ಲಿ ನಿರ್ದೇಶಕ ಹೇಮಂತ ಹೆಗಡೆಯವರು ತಮ್ಮ 'ಹೌಸ್‌ಫುಲ್' ಚಿತ್ರಕ್ಕಾಗಿ ಇಲ್ಲಿ ಚಾರ್ಲಿ ಚಾಪ್ಲಿನ್ನನ 67 ಅಡಿ ಎತ್ತರದ ಪ್ರತಿಮೆಯನ್ನು ನಿಲ್ಲಿಸಲು ಹವಣಿಸಿದ್ದರು. ದೇವಾಲಯದ ಸಮೀಪದಲ್ಲಿ ಕ್ರೈಸ್ತನೊಬ್ಬನ ಮೂರ್ತಿ ಕೂಡದೆಂದು ಕೆಲವರು ಅಡ್ಡಬಂದರೆಂದು ಆಗ ಪತ್ರಿಕೆಗಳು ಬರೆದವು. ಪ್ರತಿಮೆ ಏಳಲಿಲ್ಲ. ನಾವು ಕಂಡದ್ದು ಅಲೆ, ಮರಳು, ಒಣಗಲು ಹಾಕಿದ ಬಲೆ.

ಭಟ್ಕಳದ ಪೇಟೆಯಲ್ಲಿ ಕಾಲು ಗಂಟೆ ನಿಲ್ಲುವುದರೊಳಗೆ ನವಾಯತಿ, ಉರ್ದು, ಕೊಂಕಣಿ, ಕನ್ನಡ ನಾಲ್ಕೂ ಕಿವಿಗೆ ಬಿದ್ದವು. ಮೂಕಚಿತ್ರದ ನಟನ ಬೆಲೆ ತಿಳಿಯಬೇಕಾದರೆ ಇಂತಹ ಊರಿಗೇ ಬರಬೇಕು! 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾಪ್ಲಿನ್ ಏಳನೆಯ ವಯಸ್ಸಿಗೇ ನಿರ್ಗತಿಕರ ಆಶ್ರಯಾಲಯವನ್ನು ಸೇರಿದವನು. 1914ರಲ್ಲಿ ಚಲಚ್ಚಿತ್ರಕ್ಕೆ ಬಂದ ವರ್ಷವೇ ದುಂಡು ಟೋಪಿ, ದೊಗಳೆ ಷರಾಯಿ, ಅಳತೆ ಮೀರಿದ ಬೂಟು, ಬೆತ್ತಗಳ ಆ ಅಲೆಮಾರಿಯ ವೇಷವನ್ನು ತೊಟ್ಟನು. 1925ರ 'ಗೋಲ್ಡ್ ರಷ್'ನಲ್ಲಿ ಹಸಿವು ತಾಳಲಾರದೆ ಬೂಟನ್ನೇ ಬೇಯಿಸಿ, ಅದರ ಲಾಡಿಯನ್ನು ಶಾವಿಗೆಯಂತೆ ಸುತ್ತಿ ತಿನ್ನುತ್ತಾನೆ. ಆ ಬೂಟನ್ನು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದರಂತೆ. ನಮ್ಮ ಗೃಹಿಣಿಯರು ಕೆಮ್ಮಿನ ಕಷಾಯಕ್ಕೆ ಹಾಕುವ ಬೇರು ಅದೇ! ಮಾತಿನ ಚಿತ್ರಗಳು ಬಂದ ಮೇಲೂ 1931ರ 'ಸಿಟಿ ಲೈಟ್ಸ್'ನಲ್ಲಿ ಅವನು ಮಾತಾಡಲಿಲ್ಲ. ಬಾಯ್ದೆರೆದು ಸಂಭಾಷಣೆ ನುಡಿದದ್ದು 1940ರ 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ. 1952ರಲ್ಲಿ ಅಮೇರಿಕೆಯೂ ಅವನ ರಾಜಕೀಯವನ್ನು ಶಂಕಿಸಿ, ಮರಳುವ ಪರವಾನಗಿಯನ್ನು ರದ್ದುಮಾಡಿತು. ಇಪ್ಪತ್ತು ವರ್ಷಗಳ ಮೇಲೆ ಅದೇ ದೇಶ ಕರೆದು ಸನ್ಮಾನಿಸಿತು. ಬೈಂದೂರಿನವರನ್ನಷ್ಟೇ ದೂರಿ ಫಲವಿಲ್ಲ.

ಮುರ್ಡೇಶ್ವರದ 123 ಅಡಿಯ ಶಿವನಿಗೆ ಕೈಮುಗಿದು, ಹೊನ್ನಾವರದ ಸೀಮೆಯ ಗುಣವಂತೆಗೆ ಬಂದೆವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನ ಮಂಡಳಿಯನ್ನು ಕಟ್ಟಿದ ನೆಲವಿದು. ಕಿರೀಟಧಾರಿಗಳ ನಡುವೆ ಬರಿದಾದ ವೇಷದಲ್ಲಿ ದೂತನಾಗಿಯೋ ದ್ವಾರಪಾಲಕನಾಗಿಯೋ ಬರುವ ಹಾಸ್ಯಗಾರನನ್ನು ವಾಚಕರು ಬಲ್ಲರು. ಅವನ ಬಲವೆಲ್ಲ ಮಾತಿನಲ್ಲಿದೆ, ನಿಜ. ಆದರೆ ಮಾತಿಗೆ ಮುಂಚೆ ಅವನ ನಡಿಗೆಗೇ ಸಭೆ ನಗುತ್ತದೆ. ಚಾಪ್ಲಿನ್ನನನ್ನು ಈ ಸೀಮೆಯವರು ಪರಕೀಯನೆಂದು ಬಗೆಯಲು ಕಾರಣ ನಮಗಂತೂ ತೋರಲಿಲ್ಲ.

ಶರಾವತಿಯ ಸೇತುವೆಯನ್ನು ದಾಟಿ ಕುಮಟೆಯನ್ನು ಮುಟ್ಟಿದಾಗ ಸಂಜೆಯಾಗಿತ್ತು. ಬಸ್ಸಿಗಾಗಿ ಕಾಯುತ್ತ, ನಮ್ಮ ಜೊತೆಯ ಹುಡುಗನು ಮೊಬೈಲಿನಲ್ಲಿ ಬೂಟು ತಿನ್ನುವ ಆ ದೃಶ್ಯವನ್ನು ಹಾಕಿದನು. ಕೊರಳ ತುಂಬ ಮಣಿಸರ ಧರಿಸಿ ಸೊಪ್ಪು ಮಾರುತ್ತಿದ್ದ ಹಾಲಕ್ಕಿ ಮುದುಕಿಯೊಬ್ಬಳು ಬಗ್ಗಿ ನೋಡಿದಳು, ನಕ್ಕಳು, ಮತ್ತೆ ನಗು ನಿಲ್ಲಿಸಿ, "ಪಾಪ, ಹಸಿವು ಎಷ್ಟಿತ್ತೋ!" ಎಂದಳು. ಮುಂದೇನಾಯಿತೆಂದು ಅವಳು ಕೇಳುವಷ್ಟರಲ್ಲಿ ನಮ್ಮ ಬಸ್ಸು ಬಂದುಬಿಟ್ಟಿತು.