ಯಾರ ಸಲುವಾಗಿ ಈ ಕೊಡತಿ?

ಕೈಯಾರೆ ಒಂದು ವಸ್ತು ಮಾಡಿ ಮುಗಿಸಿದಾಗ ಉಕ್ಕುವ ಸಂತೋಷದ ಬೇರು ಎಲ್ಲಿದೆ ಎಂದು ಈಚೆಗೆ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ರೋಣದ ನಮ್ಮ ಮನೆಯ ಹಿತ್ತಲಲ್ಲಿ, ಪತ್ರಾಸಿನ ನೆರಳಿಗೆ ಕುಳಿತು ಒಂದು ಕೊಡತಿ ಮಾಡಿದೆ. ಅದರ ಅಗತ್ಯವೇನೋ ಇತ್ತು. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಉಳಿಯ ಹಿಡಿಕೆ ಸೀಳುತ್ತದೆ; ಕೊಡತಿಯ ಪೆಟ್ಟು ಹಿಡಿಕೆಯನ್ನು ಕಾಯ್ದು ಉಳಿಯನ್ನಷ್ಟೇ ಮುಂದಕ್ಕೆ ತಳ್ಳುತ್ತದೆ. ಆದರೆ ಅಗತ್ಯಕ್ಕಿಂತ ದೊಡ್ಡದೇನೋ ನನ್ನನ್ನು ಆ ಕೆಲಸಕ್ಕೆ ಎಳೆದಿತ್ತು.

ಕಟ್ಟಿಗೆಯನ್ನು ಕೊಳ್ಳಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಕುಂಟಿಯ ದಿಂಡು ಬಿದ್ದಿತ್ತು. ಕರಿಜಾಲಿ. ನಮ್ಮ ಎರಿಹೊಲದ ರಂಟೆ, ಕುಂಟಿ, ಕೂರಿಗೆ, ಬಂಡಿ ಎಲ್ಲಕ್ಕೂ ನಂಬಿಗೆಯ ಮರ ಅದೇ. ಈಸು ಕೂಡಿಸಿದ್ದ ತೂತಿನೊಳಗೆ ಎರಿಮಣ್ಣು ಕಲ್ಲಾಗಿ ಕುಳಿತಿತ್ತು. ಮಣ್ಣಿನ ಹರಳು ಉಳಿಯ ಬಾಯಿ ಕೆಡಿಸುತ್ತದೆಂದು ಮೊಳೆಯಿಂದ ಕೆದರಿ, ಬ್ರಶ್ಶಿನಿಂದ ತಿಕ್ಕಿದೆ. ಗರಗಸ ಇಳಿದಂತೆ ಬೂದು ಬಣ್ಣದ ಮೈಯೊಳಗಿಂದ ಕೆಂಪು ಕೆಚ್ಚು ಕಾಣಿಸಿತು.

ತಲೆ ಸುಮಾರು 5 ಇಂಚು ಉದ್ದ, 3 ಇಂಚು ಎತ್ತರ. ಹೊಡೆಯುವ ಎರಡೂ ಮುಖಗಳನ್ನು ಕೆಳಗೆ ತುಸು ಒಳಕ್ಕೆ ಸರಿಯುವಂತೆ ಕೊಯ್ದೆ. ಕೈ ಬೀಸಿ ಬರುವಾಗ ಮುಖ ಉಳಿಗೆ ನೆಟ್ಟಗೆ ತಾಗಬೇಕಲ್ಲ. ಕಾವು ಕೂಡುವ ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವನ್ನು ಮೇಲಿನಿಂದ ಇಳಿಸಿದರೆ, ಬೀಸಿದಷ್ಟೂ ತಲೆ ಹೊರಕ್ಕೆ ಜಗ್ಗಿ ಬಿಗಿಯುತ್ತದೆ. ಬೆಣೆ ಬೇಡ, ಅಂಟು ಬೇಡ. ಬೇಸಿಗೆಗೆ ಕಟ್ಟಿಗೆ ಕುಗ್ಗಿ ಸಡಿಲಾದರೆ ಕಾವಿನ ಮೇಲ್ತುದಿಯನ್ನು ನೆಲಕ್ಕೆ ಕುಟ್ಟಿದರಾಯಿತು. ಇದನ್ನು ಹೇಳಿಕೊಟ್ಟವರು ಪರಿಚಯದ ಹಿರಿಯ ಬಡಿಗೇರರು. ದಿಂಡನ್ನು ಬೆರಳಿನಿಂದ ಸವರಿ, "ಎಳಿ ನೋಡ್ರಿ ಮಾಸ್ತರ್ರ, ಎಳಿ ಹೇಳಿದಂಗ ಹೋಗ್ರಿ" ಅಂದಿದ್ದರು. ಕೊನೆಗೆ ಅಗಸಿ ಎಣ್ಣೆ ಸವರಿದೆ. ಅದು ಗಾಳಿ ಹೀರಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಹಾಗಲ್ಲ, ಜಿಗಿಜಿಗಿಯಾಗೇ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ ಮನಸ್ಸು ಹಗುರಾಗಿತ್ತು. ನಾನೂ ಒಬ್ಬ ಕಾಯಕಜೀವಿ ಅನ್ನಿಸಿತು. ಆ ಅನಿಸಿಕೆಯನ್ನು ಹಾಗೇ ಬಿಡಲು ಆಗಲಿಲ್ಲ.

ಆ ದಿಂಡನ್ನು ಮೊದಲು ಕೆತ್ತಿದ ಕೈ ಹೇಗೆ ದುಡಿದಿರಬಹುದು? ರೋಣ, ನರಗುಂದ, ಗಜೇಂದ್ರಗಡದ ಕಡೆ ಮುಂಗಾರಿಗೆ ಹೆಸರು ಬಿತ್ತುವ ಕಾಲ ಬಹಳ ಚಿಕ್ಕದು. ಎರಿಮಣ್ಣು ತೊಯ್ದಾಗ ಕಾಲಿಡಗೊಡದು, ಒಣಗಿದರೆ ಬಿರಿಯುತ್ತದೆ. ನಡುವೆ ಸಿಗುವ ಹದದಲ್ಲೇ ಬಿತ್ತಿಗೆ ಆಗಬೇಕು. ಮಿರಗ ಮಳೆ ಬಿದ್ದ ಮರುದಿನ ಮುರಿದ ಕೂರಿಗೆ, ಸವೆದ ಕುಂಟಿ ಹೊತ್ತು ಇಡೀ ಊರು ಬಡಿಗೇರರ ಬಾಗಿಲಿಗೆ ಬರುತ್ತಿತ್ತು. ಅಲ್ಲಿ ತಡವಾದರೆ ಒಬ್ಬನ ಹೊಲ ಬೀಳು. ಅದಕ್ಕೆ ಪ್ರತಿಯಾಗಿ ರಾಶಿಯಾದಾಗ ಕಣದಲ್ಲಿ ಆಯದ ಕಾಳು. ಮಳೆ ಕೈಕೊಟ್ಟ ವರ್ಷ ರೈತನ ಜೊತೆ ಬಡಿಗನ ಗಡಿಗೆಯೂ ಬರಿದು. ಟ್ರ್ಯಾಕ್ಟರ್ ಬಂತು, ಕಬ್ಬಿಣದ ಕೂರಿಗೆ ಬಂತು, ಆ ಆಯವೂ ಹೋಯಿತು.

ನನ್ನ ಕೊಡತಿಗಾಗಿ ಯಾರೂ ಕಾದಿರಲಿಲ್ಲ. ಕೆಟ್ಟಿದ್ದರೆ ಇನ್ನೊಂದು ತುಂಡು ಕೊಯ್ಯುತ್ತಿದ್ದೆ. ಮನೆಯ ಒಲೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ನಾನು ಅಷ್ಟು ಸುಖಪಟ್ಟದ್ದು ಕಟ್ಟಿಗೆಯಿಂದ ಮಾತ್ರವಲ್ಲ, ಈ ನಿಶ್ಚಿಂತೆಯಿಂದ. ತಿಂಗಳ ಸಂಬಳ ಕೊಟ್ಟ ಬಿಡುವು ಅದು. ಕೈಗೆ ಬೊಬ್ಬೆ ಬಂದ ಮಾತ್ರಕ್ಕೆ ನಾನು ಬಡಿಗೇರರ ಸಾಲಿಗೆ ಸೇರಲಾರೆ ಎಂಬುದು ನನಗೆ ಸ್ಪಷ್ಟವಾಯಿತು.

12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣ ಎಂಬ ಬಡಿಗ ವಚನಕಾರನೂ ಇದ್ದ. ಆ ಶರಣರು ಕಾಯಕವನ್ನು ದಾಸೋಹದಿಂದ ಬಿಡಿಸಿ ನೋಡಲಿಲ್ಲ. ದುಡಿದದ್ದು ಇನ್ನೊಬ್ಬರಿಗೆ ಮುಟ್ಟಬೇಕು. ಈ ಅಳತೆಯಲ್ಲಿ ನನ್ನ ಹಿತ್ತಲ ಕೆಲಸ ಇನ್ನೂ ಅರ್ಧವೇ. ಸಂತೋಷ ನನಗೆ ಮುಟ್ಟಿದೆ, ಬೇರೆ ಯಾರಿಗೂ ಏನೂ ಮುಟ್ಟಿಲ್ಲ.

ಹಾಗೆಂದು ಆ ಸಂತೋಷವನ್ನು ತೊರೆಯುವುದಿಲ್ಲ. ಎಳೆಯ ಜಾಡು ಹಿಡಿದು ಉಳಿ ಇಳಿಯುವಾಗ ನನ್ನ ಮಾತುಗಾರಿಕೆ ಅಡಗಿ, ಕಣ್ಣು ಸೂಕ್ಷ್ಮವಾಗುತ್ತದೆ; ಈ ವಯಸ್ಸಿಗೆ ಅದು ಸಣ್ಣ ಲಾಭವಲ್ಲ. ಆದರೆ ಕೊಡತಿ ಒಂದು ಹತಾರ. ಹತಾರ ಮಾಡಿ ಗೂಟಕ್ಕೆ ತೂಗುಹಾಕಿದರೆ ಅದು ನನ್ನ ಹೆಮ್ಮೆಯ ಸಾಮಾನಾಗಿ ಉಳಿಯುತ್ತದೆ. ನಮ್ಮ ಓಣಿಯ ಅಜ್ಜಿಯೊಬ್ಬರ ಹೊರಸಿನ ಕಾಲು ಸಡಿಲಾಗಿದೆ. "ಮಳಿಗಾಲದ ಒಳಗ ಆದ್ರ ಚಲೋ ಆಕ್ಕೇತಿ ನೋಡಪಾ" ಅಂದಿದ್ದಾರೆ. ಮಳೆಗಾಲದಲ್ಲಿ ತಂಪು ನೆಲದ ಮೇಲೆ ಮಲಗಲು ಅವರಿಂದ ಆಗದು. ಈಗ ನನ್ನ ಕೆಲಸಕ್ಕೂ ಒಂದು ಗಡುವು ಇದೆ, ಅದಕ್ಕಾಗಿ ಕಾಯುವವರೊಬ್ಬರು ಇದ್ದಾರೆ.

ನನಗೆ ನಾನೇ ಹಾಕಿಕೊಂಡ ಕಟ್ಟಳೆ ಇಷ್ಟು: ಕೂಲಿ ಕೊಡಬಲ್ಲವರ ಕೆಲಸ ಬಡಿಗೇರರಿಗೇ ಹೋಗಬೇಕು, ನಮ್ಮ ಮನೆಯದೂ ಸೇರಿ, ಅವರು ಹೇಳಿದ ಕೂಲಿಗೆ. ಕೂಲಿ ಕೊಡಲಾರದವರ ಕೆಲಸ ಮಾತ್ರ ನನ್ನ ಪಾಲಿಗಿರಲಿ.