ಜಾತ್ರೆಯ ಬ್ರಿಕ್ ಗೇಮ್

ತೊಂಬತ್ತರ ದಶಕದಲ್ಲಿ ಜಾತ್ರೆಗಳಿಂದ ತಂದ ಬ್ರಿಕ್ ಗೇಮ್ ಯಂತ್ರಗಳು ಸೇಲಂ, ಧರ್ಮಪುರಿ ಸೀಮೆಯ ಕೆಲವು ಮನೆಗಳ ಅಟ್ಟದಲ್ಲಿ ಇನ್ನೂ ಮಲಗಿರಬಹುದು. ಮೈಮೇಲೆ 9999 ಆಟಗಳೆಂಬ ಘೋಷಣೆ, ಒಳಗಿದ್ದವು ಕೆಲವೇ. ಮಟ್ಟ, ವೇಗಗಳನ್ನು ಬದಲಿಸಿ ಲೆಕ್ಕವನ್ನು ಹಿಗ್ಗಿಸಲಾಗಿತ್ತು. ಮೂಲದ ಆಟ ಮಾತ್ರ ಅಪ್ಪಟ. ಮಾಸ್ಕೋದ ಅಲೆಕ್ಸಿ ಪಾಜಿತ್ನೊವ್ 1984ರಲ್ಲಿ ರಚಿಸಿದ ಟೆಟ್ರಿಸ್ ಅದು. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅದನ್ನು ಅಂಗೈಗೆ ತಂದಿತು. ಜಾತ್ರೆಗೆ ಬಂದದ್ದು ಆ ಗೇಮ್ ಬಾಯ್‌ನ ಬಡ ನೆಂಟ.

ಅಡ್ಡಕ್ಕೆ 10, ಉದ್ದಕ್ಕೆ 20 ಚೌಕ; ಮೇಲಿನಿಂದ ಬೀಳುವ ಏಳು ಆಕಾರ. ಸಾಲಿನಲ್ಲಿ ಸಂದು ಬಿಡಬಾರದೆಂಬುದನ್ನು ಸೇಲಂನ ಕನ್ನಡ ಮಾತಿನ ದೇವಾಂಗ ನೇಕಾರರ ಮಕ್ಕಳಿಗೆ ಹೇಳಿಕೊಡಬೇಕೆ? ಮಗ್ಗದಲ್ಲಿ ತುಂಬಿದ ಸಾಲು ಉಳಿಯುತ್ತದೆ, ಇಲ್ಲಿ ಅಳಿಯುತ್ತದೆ. ಯಂತ್ರ ಒಂದೇ, ಸರದಿಗೆ ಕಾದವರು ಹಲವರು. ಆಡುವವನ ಹೆಗಲ ಮೇಲಿಂದ ಇಣುಕಿ, "ತಿರುಗಿಸು, ಎಡಕ್ಕೆ ಸರಿಸು" ಎಂದು ಕೂಗುತ್ತಿದ್ದುದೆಲ್ಲ ಮನೆಯ ಕನ್ನಡದಲ್ಲಿ. ಇಂದು ಮೊಬೈಲ್ ಹಿಡಿದ ಮಗು ಕಿವಿಗೆ ಇಯರ್‌ಫೋನ್ ತುರುಕಿ ಒಂಟಿಯಾಗಿ ಆಡುತ್ತದೆ. ಕೂಗಲು ಪಕ್ಕದಲ್ಲಿ ಯಾರೂ ಇಲ್ಲ.

ಹೊರದೇಶಗಳ ಅಭಿಮಾನಿಗಳು ಹಳೆಯ ಗೇಮ್ ಬಾಯ್‌ಗೆ ಬಣ್ಣದ ಕವಚ, ಬೆಳಗುವ ಪರದೆ ತೊಡಿಸಿ ಸಂಗ್ರಹಿಸುತ್ತಾರೆ. ಇಲ್ಲಿನ ಅಲಂಕಾರವೆಂದರೆ ಕಳೆದುಹೋದ ಬ್ಯಾಟರಿ ಮುಚ್ಚಳದ ಜಾಗಕ್ಕೆ ರಬ್ಬರ್ ಬ್ಯಾಂಡು, ಪರದೆಗೆ ಗೀರು ಬೀಳದಂತೆ ಮನೆಯಲ್ಲೇ ಹೊಲಿದ ಬಟ್ಟೆಚೀಲ. ಸಂಗ್ರಾಹಕರು ಇವನ್ನು ಕಂಡು ಬೆಲೆ ಇಳಿಸಿಯಾರು, ಇಳಿಸಲಿ.

ಅಟ್ಟದಲ್ಲಿ ಯಂತ್ರ ಸಿಕ್ಕರೆ ಮೊದಲು ಹಳೆಯ ಸೆಲ್‌ಗಳನ್ನು ತೆಗೆಯಬೇಕು. ಸೋರಿದ ರಸ ತಗಡನ್ನು ತಿನ್ನುತ್ತದೆ. ತುಕ್ಕನ್ನು ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಿ ಹೊಸ ಸೆಲ್ ಹಾಕಿದರೆ ಅದು ಮತ್ತೆ ಕೀಚಲು ದನಿಯಲ್ಲಿ ಹಾಡಲೂಬಹುದು.